ದುಬೈಯಲ್ಲಿ 9,500 ದಿರ್ಹಮ್, ಊರಲ್ಲಿ 58 ಸಾವಿರ: ಫ್ಯಾಮಿಲಿ ಕರ್ಕೊಂಡು ಹೋದ್ರೆ ಏನಾದ್ರೂ ಉಳಿಯುದುಂಟಾ?

ಸುರತ್ಕಲ್_ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಗಲ್ಫಲ್ಲಿ ಇರುವವರು, ಇದ್ದು ವಾಪಸ್ ಬಂದವರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಮಾರಾಯ್ರೆ, ನನಗೆ ತಲೆ ಓಡುದಿಲ್ಲ ಈಗ. ಮಂಗಳೂರಲ್ಲಿ ಒಂದು ಪ್ರೈವೇಟ್ ಕಂಪೆನಿಯಲ್ಲಿ ಅಕೌಂಟ್ಸ್ ನೋಡ್ಕೊಳ್ಳುದು ನನ್ನ ಕೆಲಸ, ಕೈಗೆ ಬರುದು 58 ಸಾವಿರ. ಹೆಂಡ್ತಿ ಇಲ್ಲೇ ಹತ್ರದ ಶಾಲೆಯಲ್ಲಿ ಟೀಚರ್, ಅವಳಿಗೆ 18. ಮನೆ ಅಪ್ಪ ಕಟ್ಟಿಸಿದ್ದು, ಹಾಗಾಗಿ ಬಾಡಿಗೆ ತಲೆಬಿಸಿ ಇಲ್ಲ. ಮಗಳು ಎರಡನೇ ಕ್ಲಾಸು, ಮಗನಿಗೆ ಮೂರು ತುಂಬ್ತಾ ಬಂತು, ಅವನನ್ನು ಹಗಲೆಲ್ಲ ಅಮ್ಮ ನೋಡ್ಕೊಳ್ತಾರೆ. ಸ್ಕೂಲ್ ಫೀಸು, ದಿನಸಿ, ಮೀನು, ಪೆಟ್ರೋಲು, ಅಪ್ಪನ ಶುಗರಿನ ಮದ್ದು ಎಲ್ಲ ಸೇರಿ ತಿಂಗಳಿಗೆ 45 ಸಾವಿರ ಖಾಲಿ, 31 ಸಾವಿರ ಉಳೀತದೆ.

ಈಗ ದುಬೈಯಲ್ಲಿ ಒಂದು ಟ್ರೇಡಿಂಗ್ ಕಂಪೆನಿಯಿಂದ ಸೀನಿಯರ್ ಅಕೌಂಟೆಂಟ್ ಅಂತ ಆಫರ್ ಬಂದಿದೆ. 9,500 ದಿರ್ಹಮ್, ಎಲ್ಲ ಸೇರಿ. ರೂಮು ಕಂಪೆನಿ ಕೊಡುದಿಲ್ಲ. ದಿರ್ಹಮ್ ಈಗ 24 ರೂಪಾಯಿ ಆಸುಪಾಸು ಇರುದ್ರಿಂದ 24ರಲ್ಲಿ ಗುಣಿಸಿದ್ರೆ 2 ಲಕ್ಷ 28 ಸಾವಿರ ಆಗ್ತದೆ, ಟ್ಯಾಕ್ಸ್ ಇಲ್ಲ. ನಮ್ಮ ಮಾವನವ್ರು ಈ ಲೆಕ್ಕ ಕೇಳಿದ್ದೇ ತಡ ಜಾಗ ನೋಡ್ಲಿಕ್ಕೆ ಶುರು ಮಾಡಿದ್ದಾರೆ. ಟ್ಯಾಕ್ಸ್ ವಿಷಯ, 182 ದಿನದ ಲೆಕ್ಕ, ಎನ್‌ಆರ್‌ಇ ಅಕೌಂಟು ಅದೆಲ್ಲ ನನಗೆ ಗೊತ್ತುಂಟು, ಅದು ಬಿಡಿ. ನನಗೆ ಬೇಕಾದ್ದು ಅಲ್ಲಿನ ಖರ್ಚು. ನೆಟ್ಟಲ್ಲಿ ನೋಡಿದ್ರೆ ಒಬ್ಬ ಯೂಟ್ಯೂಬರ್ 4 ಸಾವಿರದಲ್ಲಿ ಜೀವನ ಆಗ್ತದೆ ಅಂತಾನೆ, ಇನ್ನೊಬ್ಬ 20 ಸಾವಿರ ಇಲ್ಲದೆ ಬರ್ಲೇಬೇಡಿ ಅಂತಾನೆ. ಹೆಂಡ್ತಿ ಮಕ್ಕಳನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ. ಕರ್ಕೊಂಡು ಹೋದ್ರೆ ತಿಂಗಳಿಗೆ ಒಂದು ಲಕ್ಷ ಆದ್ರೂ ಉಳಿದೀತಾ? ಈಗ ಅಲ್ಲಿ ಇರುವವರೇ ಹೇಳಿ.

ಜೆಪಿನಗರ_ಜಗ್ಗ

ಹೋಗು ಗುರು, ಇಂಥ ಚಾನ್ಸ್ ಯಾರಿಗ್ ಸಿಗತ್ತೆ, ಯೋಚ್ನೆ ಮಾಡ್ತಾ ಕೂತ್ರೆ ಇಲ್ಲೇ ಕೂತಿರ್ತೀಯ.

ಕುಂದಾಪ್ರ_ಟು_ಶಾರ್ಜಾ

ಜಗ್ಗಣ್ಣ, ಹೋಗು ಅನ್ನುದು ಸುಲಭ ಮಾರ್ರೆ, ಬಾಡಿಗೆ ಚೆಕ್ ಬರೆಯುವವನಿಗೆ ಗೊತ್ತು ಅದರ ಬಿಸಿ.

ಲೆಕ್ಕಿಗರೇ, ನಾನು 2014ರಲ್ಲಿ ಬಂದವ, ಕೆಲಸ ದುಬೈಯಲ್ಲಿ, ಮನೆ ಶಾರ್ಜಾದಲ್ಲಿ, ಹೆಂಡ್ತಿ ಮಕ್ಕಳು ಜೊತೆಗೇ ಇದ್ದಾರೆ. ನಿಮ್ಮ ಸಂಬಳಕ್ಕೆ ದುಬೈ ಒಳಗೆ ಮನೆ ಮಾಡುವ ಆಸೆ ಬಿಡಿ. ಅಲ್ ಕುಸೈಸ್, ಅಲ್ ನಹ್ದಾ ಅಂತ ನಮ್ಮವರು ಜಾಸ್ತಿ ಇರುವ ಏರಿಯಾಗಳಲ್ಲೇ ಈಗ ಒನ್ ಬಿಎಚ್‌ಕೆ ಅಂದ್ರೆ ವರ್ಷಕ್ಕೆ 60 ಸಾವಿರ ದಾಟಿದೆ, ಅದರ ಮೇಲೆ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಅಂತ ಕರೆಂಟ್ ಬಿಲ್ಲಲ್ಲೇ ತಿಂಗಳು ತಿಂಗಳು ಹಾಕ್ತಾರೆ. ಶಾರ್ಜಾದಲ್ಲಿ ನಮ್ಮ ಬಿಲ್ಡಿಂಗಲ್ಲೇ ಈಗ 45 ಕೇಳ್ತಿದ್ದಾರೆ, ಅದೂ ಹಳೇ ಬಿಲ್ಡಿಂಗು, ಪಾರ್ಕಿಂಗ್ ಇಲ್ಲ.

ಆ 45ರ ಮೇಲೆ ಒಂದು ಲೆಕ್ಕ ಹಾಕಿ ತೋರಿಸ್ತೇನೆ, ಎಲ್ಲ ತಿಂಗಳ ಲೆಕ್ಕ, ದಿರ್ಹಮಲ್ಲಿ. ಬಾಡಿಗೆ 3,750. ಮುನ್ಸಿಪಾಲಿಟಿಯಲ್ಲಿ ಅಗ್ರಿಮೆಂಟ್ ಅಟೆಸ್ಟ್ ಮಾಡ್ಲಿಕ್ಕೆ ಬಾಡಿಗೆಯ 4 ಪರ್ಸೆಂಟು, ತಿಂಗಳಿಗೆ ಹಂಚಿದ್ರೆ 150. ಕರೆಂಟು, ನೀರು, ಗ್ಯಾಸು ಸರಾಸರಿ 500, ಜುಲೈ ಆಗಸ್ಟಲ್ಲಿ ಎಸಿ ಹಗಲೂ ರಾತ್ರಿ ಓಡ್ತದೆ, ಆಗ ಜಾಸ್ತಿ. ಮನೆ ಇಂಟರ್ನೆಟ್ ಮತ್ತೆ ಎರಡು ಮೊಬೈಲು 450, ಇದು ಊರಿನವರಿಗೆ ನಂಬಿಕೆಯೇ ಬರುದಿಲ್ಲ. ಮಗಳ ಇಂಡಿಯನ್ ಸ್ಕೂಲು ಬಸ್ಸು ಪುಸ್ತಕ ಸೇರಿ 1,000. ಮಗನ ನರ್ಸರಿನೋ ಕೆಜಿನೋ ಏನಾದ್ರೂ 800. ಊಟ ತಿಂಡಿ ಮನೆ ಸಾಮಾನು 1,900. ನೀವು ದುಬೈಗೆ ಹೋಗಿ ಬರ್ಲಿಕ್ಕೆ ಕಾರ್‌ಲಿಫ್ಟ್, ಅಂದ್ರೆ ಬೇರೆಯವರ ಕಾರಲ್ಲಿ ತಿಂಗಳ ದುಡ್ಡಿಗೆ ಒಂದು ಸೀಟು ಹಿಡಿದ್ರೆ 600. ಹೆಂಡ್ತಿ ಮಕ್ಕಳ ಇನ್ಶೂರೆನ್ಸ್ 250, ನಿಮ್ಮದು ಕಂಪೆನಿ ಮಾಡ್ಲೇಬೇಕು, ಅವರದ್ದು ಕಂಪೆನಿಯ ತಲೆಬಿಸಿ ಅಲ್ಲ. ವೀಸಾ ಎರಡು ವರ್ಷಕ್ಕೊಮ್ಮೆ ರಿನ್ಯೂ, ತಿಂಗಳಿಗೆ 150 ಇಟ್ಕೊಳ್ಳಿ. ವರ್ಷಕ್ಕೊಮ್ಮೆ ನಾಲ್ಕು ಟಿಕೆಟು, 450.

ಕೂಡಿಸಿ ನೋಡಿ. ಹತ್ತು ಸಾವಿರ ಆಗ್ತದೆ. ನಿಮ್ಮ ಸಂಬಳ 9,500. ಇದರಲ್ಲಿ ಕಾರು ಇಲ್ಲ, ಹೊರಗೆ ಊಟ ಇಲ್ಲ, ಹಲ್ಲು ನೋವು ಬಂದ್ರೆ ಇಲ್ಲ, ಅಪ್ಪನ ಮದ್ದಿಗೆ ಕಳಿಸುದು ಇಲ್ಲ. ಮೀನಿನ ಲೆಕ್ಕ ಬೇರೆ ಹಾಕಿಲ್ಲ, ಅಂಜಲ್ ಬೇಕು ಅಂದ್ರೆ ಅದು ನಿಮ್ಮ ಜವಾಬ್ದಾರಿ. ಬಂಗುಡೆ ಪರವಾಗಿಲ್ಲ, ಶಾರ್ಜಾದ ಜುಬೈಲ್ ಮಾರ್ಕೆಟಲ್ಲಿ ಓಮಾನಿಂದು ಚಂದ ಬರ್ತದೆ.

ಇನ್ನೊಂದು, 24ರಲ್ಲಿ ಗುಣಿಸುದು ಯಾವಾಗ ಸರಿ ಅಂದ್ರೆ ಆ ದುಡ್ಡು ಊರಿಗೆ ಹೋಗುವಾಗ ಮಾತ್ರ. ನಾನು ಬಂದಾಗ ದಿರ್ಹಮ್‌ಗೆ 16 ಚಿಲ್ಲರೆ ಇತ್ತು. ದಿರ್ಹಮ್ ಅಂದ್ರೆ 1997ರಿಂದ ಡಾಲರಿಗೆ 3.6725 ಅಂತ ಕಟ್ಟಿ ಹಾಕಿದ ದುಡ್ಡು, ಡಾಲರ್ ಎದುರು ರೂಪಾಯಿ ಬಿದ್ದಷ್ಟೂ ಊರಿಗೆ ಕಳಿಸುವವನಿಗೆ ಲಾಭ. ಆದ್ರೆ ಸಂಸಾರ ಇಲ್ಲೇ ಇದ್ರೆ ದುಡಿಯುದೂ ದಿರ್ಹಮಲ್ಲಿ, ಖರ್ಚೂ ದಿರ್ಹಮಲ್ಲಿ. ನನ್ನ ರೂಮಲ್ಲಿ ಮೊದಲು ಇದ್ದ ಬ್ಯಾಚುಲರ್ ಹುಡುಗ ಪ್ರತಿ ತಿಂಗಳು ಎಕ್ಸ್‌ಚೇಂಜಿನ ಬೋರ್ಡ್ ನೋಡಿ ಖುಷಿ ಪಡ್ತಿದ್ದ, ಅದನ್ನೇ ನೋಡಿ ನನಗೆ ಎಂತ ಉಪಯೋಗ, ಕಳಿಸ್ಲಿಕ್ಕೆ ಉಳಿದ್ರಲ್ವಾ.

ಈಗ ನೀವು ಒಬ್ಬರೇ ಬಂದ್ರೆ ಲೆಕ್ಕ ಪೂರಾ ಉಲ್ಟಾ. ಕರಾಮಾದಲ್ಲೋ ಬರ್ ದುಬೈಯಲ್ಲೋ ಶೇರಿಂಗ್ ರೂಮು 1,000, ಊಟ 700, ಮೊಬೈಲು 150, ಮೆಟ್ರೋ ಬಸ್ಸಿಗೆ ನೋಲ್ ತಿಂಗಳ ಪಾಸು ಎಲ್ಲ ಝೋನಿಗೂ 350, ಕೈಖರ್ಚು 400, ಟಿಕೆಟಿಗೆ 125. ಎಲ್ಲ ಸೇರಿ ಎರಡು ಮುಕ್ಕಾಲು ಸಾವಿರದ ಒಳಗೆ. 6,700ರ ಮೇಲೆ ಉಳೀತದೆ, ಅಂದ್ರೆ 1 ಲಕ್ಷ 60 ಸಾವಿರ. ಊರಿನ ಮನೆ ಖರ್ಚಿಗೆ ಹೆಂಡ್ತಿ ಸಂಬಳ ಬಿಟ್ಟು 22 ಸಾವಿರ ಕಳಿಸಿದ್ರೂ 1 ಲಕ್ಷ 40 ಸಾವಿರದ ಹತ್ರ ಕೈಯಲ್ಲಿ. ಅದೇ ಕಂಪೆನಿ, ಅದೇ ಸಂಬಳ. ಒಬ್ಬನೇ ಇದ್ರೆ ಈಗಿನ ನಾಲ್ಕು ಪಟ್ಟು ಮೇಲೆ ಉಳಿತಾಯ, ಸಂಸಾರ ಕರ್ಕೊಂಡು ಬಂದ್ರೆ ಸಾಲ. ಹಾಗಾಗಿ ಆ ಯೂಟ್ಯೂಬರ್‌ಗಳು ಇಬ್ಬರೂ ಸುಳ್ಳು ಹೇಳ್ತಾ ಇಲ್ಲ, ಒಬ್ಬ ಬೆಡ್‌ಸ್ಪೇಸಲ್ಲಿ, ಅಂದ್ರೆ ಶೇರಿಂಗ್ ರೂಮಿನ ಒಂದು ಮಂಚದಲ್ಲಿ ಇದ್ದಾನೆ, ಇನ್ನೊಬ್ಬ ಮರೀನಾದಂಥ ದುಬಾರಿ ಏರಿಯಾದಲ್ಲಿ ಇದ್ದಾನೆ ಅಷ್ಟೆ.

ವೈಟ್‌ಫೀಲ್ಡ್_ವಾಸಿ

ಇಷ್ಟೆಲ್ಲ ಕಷ್ಟ ಯಾಕೆ, ಬೆಂಗ್ಳೂರಿಗೆ ಬಂದ್ಬಿಡಿ ಸರ್, ನಿಮ್ಮ ಎಕ್ಸ್‌ಪೀರಿಯನ್ಸಿಗೆ 90 ಸಾವಿರ ಆರಾಮಾಗಿ ಸಿಗತ್ತೆ ಅಂತ ಹೇಳೋಣ ಅಂತಿದ್ದೆ, ಬರೆಯೋಕೆ ಕೂತಾಗ ನನ್ನದೇ ಖರ್ಚು ನೆನಪಾಯ್ತು. ಟೂ ಬಿಎಚ್‌ಕೆ 34, ಮೇಂಟೆನೆನ್ಸು 4, ಬೇಸಿಗೆ ಬಂದ್ರೆ ಟ್ಯಾಂಕರ್ ದುಡ್ಡು ಬೇರೆ ಹಂಚ್ತಾರೆ, ಇಬ್ಬರು ಮಕ್ಕಳ ಸ್ಕೂಲು ವ್ಯಾನು ಸೇರಿ ತಿಂಗಳಿಗೆ 25ರ ಮೇಲೆ, ಅಡುಗೆಯವರು ಕೆಲಸದವರು 9. ಉಳಿದಿದ್ರಲ್ಲಿ ಊಟ ಮಾಡಿ ಪೆಟ್ರೋಲ್ ಹಾಕಿಸ್ಬೇಕು. ಅಡ್ವಾನ್ಸ್ ಅಂತ ಲಕ್ಷಗಟ್ಟಲೆ ಓನರ್ ಹತ್ರ ಬಡ್ಡಿ ಇಲ್ದೆ ಕೂತಿದೆ, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರ್ಕೊಳ್ತಾರೆ. ನಿಮಗೆ ಸುರತ್ಕಲ್ಲಲ್ಲಿ ಸ್ವಂತ ಮನೆ ಇದೆ, ಮಗು ನೋಡ್ಕೊಳೋಕೆ ಅಮ್ಮ ಇದಾರೆ. ನಿಮ್ಮ 58 ಸಾವಿರ ಇಲ್ಲಿನ ಲಕ್ಷದ ಮೇಲಿನ ಸಂಬಳಕ್ಕೆ ಸಮ ಸರ್, ಅದು ನಿಮ್ಮ ಪೇಸ್ಲಿಪ್ಪಲ್ಲಿ ಕಾಣಲ್ಲ ಅಷ್ಟೇ.

ಸುರತ್ಕಲ್_ಲೆಕ್ಕಿಗ

ಕುಂದಾಪ್ರದವರೇ, ನಿಮ್ಮ ಲೆಕ್ಕ ಎಕ್ಸೆಲ್ಲಿಗೆ ಹಾಕಿದೆ, ಹತ್ತು ಸಾವಿರ ಕರೆಕ್ಟಾಗಿ ಬಂತು, ಕಡಿಮೆ ಮಾಡ್ಲಿಕ್ಕೆ ನೋಡಿದೆ, ಎಲ್ಲಿ ಕತ್ತರಿಸುದು ಗೊತ್ತಾಗ್ಲಿಲ್ಲ. ಒಬ್ಬನೇ ಹೋಗುದು ಅಂದ್ರೆ ಮಗ ನನ್ನನ್ನು ವೀಡಿಯೋ ಕಾಲಲ್ಲೇ ನೋಡ್ಕೊಂಡು ದೊಡ್ಡವನಾಗುದಾ ಅಂತ ಮನೆಯಲ್ಲಿ ಮಾತು. ನನ್ನ ಚಿಕ್ಕಪ್ಪ ಬಹ್ರೇನಲ್ಲಿ ಇದ್ದವರು, ಅವರ ಮಗ ನನ್ನದೇ ಪ್ರಾಯ, ಅಪ್ಪ ರಜೆಗೆ ಬಂದ್ರೆ ಅವನು ಒಳಗೆ ಹೋಗಿ ಕೂತ್ಕೊಳ್ತಿದ್ದ, ಅದು ನಾನು ನೋಡಿದ್ದೇನೆ. ವೈಟ್‌ಫೀಲ್ಡಿನವರೇ, ಬೆಂಗ್ಳೂರು ಬೇಡ, ನೀವೇ ಬೇಡ ಅಂದಿದ್ದೀರಿ.

ಮತ್ತೆ ಈ ಆಫರ್ ಬಂದದ್ದು ಒಬ್ಬ ಏಜೆಂಟ್ ಮೂಲಕ, ಅವ ಸರ್ವಿಸ್ ಚಾರ್ಜ್ ಅಂತ ಒಂದು ಲಕ್ಷ ಕೇಳ್ತಿದ್ದಾನೆ, ಅದು ಮಾಮೂಲಾ?

ಹಾಸನದ_ಟೀಚರಮ್ಮ

ನಮಸ್ತೆ ಸರ್, ನಾನು ಹಾಸನದವಳು, ಶಾರ್ಜಾದಲ್ಲೇ ಒಂದು ಇಂಡಿಯನ್ ಸ್ಕೂಲಲ್ಲಿ ಪಾಠ ಮಾಡ್ತೀನಿ. ಮೇಲಿನವರ ಲೆಕ್ಕ ಸರಿಯಾಗಿದೆ, ಆದ್ರೆ ಇಷ್ಟು ಹೊತ್ತು ಎಲ್ರೂ ನಿಮ್ಮ ಸಂಬಳದ ಮೇಲೇ ಮಾತಾಡ್ತಿದೀರಿ, ನಿಮ್ಮ ಮನೆಯವರೂ ದುಡಿತಾರೆ ಅನ್ನೋದನ್ನ ಯಾರೂ ಹಿಡ್ಕೊಳ್ಳಲಿಲ್ಲ. ಅವರು ಕೆಲಸ ಬಿಟ್ಟು ಬಂದ್ರೆ ಅಲ್ಲಿನ 18 ಸಾವಿರ ಹೋಯ್ತು, ಇಲ್ಲಿ ನಾಲ್ಕು ಗೋಡೆ ಮಧ್ಯೆ ಕೂರ್ತಾರೆ. ನಮ್ಮ ಬಿಲ್ಡಿಂಗಲ್ಲಿ ಎಂ.ಎಸ್ಸಿ ಮಾಡಿದವರು ಇದಾರೆ, ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಮಕ್ಕಳನ್ನ ಬಿಡೋಕೆ ಕೆಳಗೆ ಬಂದಾಗ ಬಿಟ್ರೆ ಮನೆಯಿಂದ ಆಚೆ ಬರೋದೇ ಕಡಿಮೆ.

ಬಿ.ಎಡ್ ಆಗಿದ್ಯಾ ಅವರದ್ದು? ಆಗಿದ್ರೆ ನಿಮ್ಮ ಲೆಕ್ಕನೇ ಬೇರೆ. ನಮ್ಮ ಸ್ಕೂಲಲ್ಲಿ ಹೊಸಬರಿಗೆ 3,500 ಆಸುಪಾಸು ಕೊಡ್ತಿದಾರೆ. ಊರಿನವರಿಗೆ ಇದು ದೊಡ್ಡ ಸಂಬಳ ಅನ್ಸತ್ತೆ, ಇಲ್ಲಿ ಇದು ಕಡಿಮೆನೇ, ಕೆಲಸ ಜಾಸ್ತಿನೇ, ಡೈರಿ ಕರೆಕ್ಷನ್ನು ವರ್ಕ್‌ಶೀಟು ಅಂತ ರಾತ್ರಿ ಹತ್ತಾದ್ರೂ ಮುಗಿಯಲ್ಲ. ಆದ್ರೆ ಟೀಚರ್ ಮಕ್ಕಳಿಗೆ ಫೀಸಲ್ಲಿ ರಿಯಾಯಿತಿ ಕೊಡೋ ಸ್ಕೂಲುಗಳು ತುಂಬಾ ಇವೆ, ನಮ್ಮಲ್ಲಿ ಅರ್ಧ. ಮೇಲಿನ ಹತ್ತು ಸಾವಿರದಲ್ಲಿ 500 ಇಳೀತು ಅನ್ಕೊಳಿ. 9,500 ಪ್ಲಸ್ 3,500, ಖರ್ಚು 9,500. ಅಂದ್ರೆ ಅವರ ಸಂಬಳ ಪೂರ್ತಿ ಉಳಿತಾಯ, 84 ಸಾವಿರ ರೂಪಾಯಿ. ನೀವು ಕೇಳಿದ ಲಕ್ಷ ಆಗಲ್ಲ, ಆದ್ರೆ ಸಂಸಾರ ಒಟ್ಟಿಗೆ ಇರತ್ತೆ, ಈಗಿನದ್ದಕ್ಕಿಂತ ಎರಡೂವರೆ ಪಟ್ಟು ಮೇಲೆ.

ಮತ್ತೆ ಅವರಿಗೆ ಬೇರೆ ವೀಸಾ ಬೇಕಿಲ್ಲ. ನಿಮ್ಮ ಸ್ಪಾನ್ಸರ್‌ಶಿಪ್ಪಲ್ಲೇ ಇದ್ಕೊಂಡು ಲೇಬರ್ ಮಿನಿಸ್ಟ್ರಿ ವರ್ಕ್ ಪರ್ಮಿಟ್ ಮಾಡಿಸಿ ಕೆಲಸ ಮಾಡಬಹುದು, ಸ್ಕೂಲಿನವರಿಗೆ ವೀಸಾ ಖರ್ಚು ಉಳಿಯೋದ್ರಿಂದ ಅವರಿಗೆ ಅಂಥವರೇ ಇಷ್ಟ. ಫ್ಯಾಮಿಲಿ ಸ್ಪಾನ್ಸರ್ ಮಾಡೋಕೆ 4 ಸಾವಿರ ಸಂಬಳ ಇದ್ರೆ ಸಾಕು, ಅದು ನಿಮಗೆ ತೊಂದ್ರೆ ಇಲ್ಲ.

ಕಷ್ಟ ಇರೋದು ನಿಮ್ಮ ಚಿಕ್ಕ ಮಗನ ವಿಷಯದಲ್ಲಿ. ನಮ್ಮ ಸ್ಕೂಲಿಗೆ ಕೆಜಿ ಒನ್ ಸೇರಿಸೋಕೆ ನಾಲ್ಕು ವರ್ಷ ಆಗಿರ್ಬೇಕು, ಅಲ್ಲೀವರೆಗೂ ನರ್ಸರಿ. ಮಧ್ಯಾಹ್ನ ಎರಡು ಗಂಟೆ ಆದ್ಮೇಲೆ ಯಾರು ನೋಡ್ಕೊಳ್ತಾರೆ? ಮನೆ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಬರೋವ್ರಿಗೆ 30, 35 ದಿರ್ಹಮ್, ಅಂದ್ರೆ ಎರಡು ಗಂಟೆಗೆ ಕೊಡೋ ದುಡ್ಡಲ್ಲಿ ಹಾಸನದಲ್ಲಿ ನಮ್ಮಮ್ಮ ಅರ್ಧ ತಿಂಗಳು ಪಾತ್ರೆ ತೊಳೆಸ್ತಾರೆ. ನಾವು ಪಕ್ಕದ ಫ್ಲಾಟಿನ ಕೇರಳದ ಆಂಟಿ ಹತ್ರ ಬಿಡ್ತಿದ್ವಿ, ತಿಂಗಳಿಗೆ 500 ಕೊಟ್ಟು. ಅಂಥವರು ಸಿಗೋದು ನಿಮ್ಮ ಅದೃಷ್ಟ.

ಅಡುಗೆ ಸಾಮಾನಿನ ಬಗ್ಗೆ ಭಯ ಬೇಡ. ಕುಚ್ಚಲಕ್ಕಿ, ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ, ನಂದಿನಿ ತುಪ್ಪ ಎಲ್ಲ ಸಿಗತ್ತೆ. ಕರಿಬೇವು ಮಾತ್ರ ದುಡ್ಡು ಕೊಟ್ಟು ತಗೊಳ್ಳುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ವಿಜಾಪುರ_ಮಂದಿ

ಅಕ್ಕಾರ ಹೇಳಿದ್ದು ಖರೇ ಐತಿ. ನಾ ಸೌದಿ ಜುಬೈಲ್‌ದಾಗ ಇದ್ದಾಂವ, ಹೆಂಡ್ತಿ, ಎರಡು ಮಕ್ಕಳು ಸುದ್ದಾ ಅಲ್ಲೇ ಇದ್ರು. ಚೊಲೋ ನಡದಿತ್ತು. 2017ರ ಜುಲೈದಾಗ ಸರಕಾರದವ್ರು ಡಿಪೆಂಡೆಂಟ್ ಫೀ ಅಂತ ತಂದ್ರು ನೋಡ್ರಿ, ತಲಿಗೆ ತಿಂಗಳಿಗೆ 100 ರಿಯಾಲ್. ವರ್ಷಾ ವರ್ಷಾ 100 ಏರಿಸ್ಕೋತ ಹೋದ್ರು, 2019ಕ್ಕ 300 ಆತು, 2020ಕ್ಕ 400. ಆಗ ಅದನ್ನ ತಿಂಗಳಾ ಕೊಡೂದಲ್ರಿ, ಇಕಾಮಾ ಅಂದ್ರ ಅಲ್ಲಿ ಇರೂ ಪರ್ಮಿಟ್ ರಿನ್ಯೂ ಮಾಡೂ ಮುಂದ ಇಡೀ ವರ್ಷದ್ದು ಒಮ್ಮೆಲೇ ಎಣಿಸಬೇಕಿತ್ತು. ಮೂರು ಮಂದಿಗೆ 300 ಅಂದ್ರ 10,800 ರಿಯಾಲ್. ನನ್ನ ಎರಡು ತಿಂಗಳ ಪಗಾರ ಅದು. 2019ರಾಗ ಮನಿ ಮಂದೀನ ಊರಿಗೆ ಕಳಿಸಿದೆ. ನಮ್ಮ ಕ್ಯಾಂಪಿನಾಗ ಕುಂದಾಪುರ, ಭಟ್ಕಳ, ಉಡುಪಿ ಕಡಿಯವ್ರು ಭಾಳ ಇದ್ರು, ಎಲ್ಲಾರೂ ಹಂಗ ಕಳಿಸಿದ್ರು, ಇಂಡಿಯನ್ ಸ್ಕೂಲಿನಾಗ ಬೆಂಚ್ ಖಾಲಿ ಬಿದ್ದುವು. ಮರುವರ್ಷ ವ್ಯಾಟ್ 5 ಇದ್ದದ್ದು ಒಮ್ಮೆಲೇ 15 ಮಾಡಿದ್ರು.

ನಾ ಇದನ್ನ ಯಾಕ ಹೇಳಾಕತ್ತೇನಿ ಅಂದ್ರ, ಇವತ್ತಿನ ಖರ್ಚು ಲೆಕ್ಕ ಹಾಕಿ ಹೋಗತೀರಿ, ಅಲ್ಲಿ ಕಾಯ್ದೆ ಬದಲಾದ್ರ ನಿಮ್ಮನ್ನ ಕೇಳಿ ಮಾಡಂಗಿಲ್ಲ. ದುಬೈದಾಗ ಅಂಥಾ ಫೀ ಇಲ್ಲ, ಖರೆ, ಆದ್ರ ಬಾಡಿಗಿ ಏರಿಸಿದ್ರ ಅದೂ ಅಷ್ಟ ಆತು.

ಇನ್ನೊಂದು ಖರ್ಚು ಐತ್ರಿ, ಯಾರೂ ಬರಿಯಂಗಿಲ್ಲ. ಗಲ್ಫಿನ್ಯಾಗ ಅದಾನ ಅಂದಕೂಡ್ಲೆ ಊರಾಗ ನಿಮ್ಮ ರೇಟ್ ಬದಲಾಗ್ತದ. ತಂಗಿ ಮದವಿಗೆ ನೀವು, ಕಾಕಾನ ಆಪರೇಶನ್‌ಗೆ ನೀವು, ಗುಡಿ ಕಳಸಕ್ಕ ನೀವು. ರಜಾಕ್ಕ ಬರಾಮುಂದ ಸಾಬೂನು, ಸೆಂಟು, ಚಾಕಲೇಟು, ಹಾಲಿನ ಪುಡಿ, ಬಾದಾಮಿ, ಟೈಗರ್ ಬಾಮ್, 30 ಕಿಲೋ ತುಂಬಸ್ಕೊಂಡು ಬರಬೇಕು, ಬಂದ ಮ್ಯಾಲ ನನಗ ಸಣ್ಣ ಬಾಟ್ಲಿ ಕೊಟ್ಟ ಅವನಿಗೆ ದೊಡ್ಡದು ಕೊಟ್ಟ ಅಂತ ಮಾರಿ ಉಬ್ಬಸ್ತಾರ. ಒಂದು ರಜಾ ಅಂದ್ರ ನನಗ ಟಿಕೆಟ್ ಬಿಟ್ಟು ಎರಡು ತಿಂಗಳ ಉಳಿತಾಯ ಹೋಗತಿತ್ತು. ಇದನ್ನ ನಿಮ್ಮ ಎಕ್ಸೆಲ್‌ನ್ಯಾಗ ಒಂದು ಸಾಲು ಹಾಕ್ರಿ ಅಣ್ಣಾವ್ರ.

ಈಗ ನಾ ಊರಾಗ ಅದೇನಿ. ಬಾಡಿಗಿ 9 ಸಾವಿರ, ಜೋಳಾ ಹೊಲದ್ದು, ಹಾಲು ಮನಿ ಎಮ್ಮೀದು. ಗಳಿಕಿ ಅರ್ಧಕ್ಕಿಂತಾ ಕಮ್ಮಿ ಆಗೇತಿ. ಮತ್ತ ಆಫರ್ ಬಂದ್ರ ಹೋಗತೀನೋ ಇಲ್ಲೋ ಅಂತ ಕೇಳಬ್ಯಾಡ್ರಿ, ಹೋಗತೇನಿ. ಮಗಳದು ನೀಟ್ ಕೋಚಿಂಗ್ ಫೀ ಕೇಳಿದ್ರ ನೀವೂ ಹೊಂಟು ನಿಲ್ತೀರಿ.

ಜೆಪಿನಗರ_ಜಗ್ಗ

ಸೆಂಟ್ ಬಾಟ್ಲಿ ವಿಷಯ 100 ಪರ್ಸೆಂಟ್ ನಿಜ ಅಣ್ಣ, ಇಸ್ಕೊಳ್ಳೋರ ಕಡೆಯವನು ನಾನು.

ಸುರತ್ಕಲ್_ಲೆಕ್ಕಿಗ

ಟೀಚರಮ್ಮ, ತುಂಬ ಉಪಕಾರ ಆಯ್ತು. ಬಿ.ಎಡ್ ಆಗಿದೆ ಅವಳದ್ದು, ಬಿ.ಎಸ್ಸಿಯಲ್ಲಿ ಗಣಿತ. ನಿಮ್ಮ ಮೆಸೇಜ್ ಅವಳಿಗೇ ಓದ್ಲಿಕ್ಕೆ ಕೊಟ್ಟೆ. ಇಷ್ಟು ದಿವಸ ನಾವು ಇಬ್ಬರೂ ನನ್ನ ಆಫರ್ ಅಂತಲೇ ಮಾತಾಡ್ತಿದ್ದೆವು, ಈಗ ಅವಳು ಗಣಿತದವರನ್ನು ಅಲ್ಲಿ ತಗೊಳ್ತಾರಾ ಕೇಳಿ, ಯಾವಾಗ ಅಪ್ಲೈ ಮಾಡ್ಬೇಕು ಕೇಳಿ ಅಂತ ಶುರು ಮಾಡಿದ್ದಾಳೆ. ಅಮ್ಮ ಮಾತ್ರ ಮಾತಾಡ್ತಾ ಇಲ್ಲ. ಮೊಮ್ಮಗನನ್ನು ಬಿಟ್ಟಿರುದು ಅವರಿಗೆ ಆಗ್ಲಿಕ್ಕಿಲ್ಲ, ನಾನು ಆ ವಿಷಯ ಎತ್ತಲೂ ಇಲ್ಲ ಇನ್ನು.

ವಿಜಾಪುರದವರೇ, ಒಂದು ಸಾಲು ಹಾಕಿದೆ, ಅದರ ಹೆಸರು ಸೆಂಟು ಅಂತಲೇ ಇಟ್ಟಿದ್ದೇನೆ.

ಒಂದು ಪ್ಲಾನ್ ಹೀಗೆ ಯೋಚನೆ ಮಾಡಿದ್ದು. ಮೊದಲು ನಾನು ಒಬ್ಬನೇ ಹೋಗಿ ಪ್ರೊಬೇಷನ್ ಮುಗಿಸುದು, ಅಷ್ಟರಲ್ಲಿ ಮನೆ ಹಿಡಿಯುವ ದುಡ್ಡು ಒಟ್ಟು ಮಾಡುದು. ಇವಳು ಇಲ್ಲಿನ ಕೆಲಸ ಬಿಡದೆ ಅಲ್ಲಿ ಅಪ್ಲೈ ಮಾಡುದು, ಸಿಕ್ಕಿದ ಮೇಲೇ ಬರುದು. ಮನೆ ಹಿಡಿಲಿಕ್ಕೆ ಒಟ್ಟಿಗೆ ಎಷ್ಟು ಬೇಕಾದೀತು? ಮತ್ತೆ ಆಫರಲ್ಲಿ ಬೇಸಿಕ್ 3,500 ಅಂತ ಹಾಕಿದ್ದಾರೆ, ಉಳಿದದ್ದು ಅಲವೆನ್ಸು, ಬೇಸಿಕ್ ಜಾಸ್ತಿ ಮಾಡಿ ಅಂತ ಕೇಳ್ಬೇಕಾ?

ಕುಂದಾಪ್ರ_ಟು_ಶಾರ್ಜಾ

ಮೊದಲು ಏಜೆಂಟಿನ ವಿಷಯ, ಯಾರೂ ಉತ್ತರ ಕೊಟ್ಟಿಲ್ಲ. ಕೊಡ್ಬೇಡಿ. ನಮ್ಮ ಸರ್ಕಾರದ ರೂಲ್ ಪ್ರಕಾರ ರಿಜಿಸ್ಟರ್ಡ್ ಏಜೆಂಟ್ ಹೆಚ್ಚೆಂದ್ರೆ 30 ಸಾವಿರ ಮತ್ತೆ ಜಿಎಸ್‌ಟಿ ತಗೊಳ್ಬಹುದು, ಅದಕ್ಕೆ ರಸೀದಿ ಕೊಡ್ಬೇಕು. ವೀಸಾ ಖರ್ಚು ಇಲ್ಲಿನ ಕಾನೂನಲ್ಲಿ ಕಂಪೆನಿದು. ಲಕ್ಷ ಕೇಳುವವ ರಿಜಿಸ್ಟರ್ ಆಗಿದ್ದಾನಾ ಇಲ್ವಾ ಅಂತ ನಮ್ಮ ಸರ್ಕಾರದ ಇ-ಮೈಗ್ರೇಟ್ ಸೈಟಲ್ಲಿ ಹೆಸರು ಹಾಕಿ ನೋಡಿ, ಆಮೇಲೆ ಮಾತಾಡಿ.

ಮನೆ ಹಿಡಿಲಿಕ್ಕೆ 45 ಸಾವಿರದ್ದಾದ್ರೆ ನಾಲ್ಕು ಚೆಕ್ಕಲ್ಲಿ ಮೊದಲನೇದು 11,250, ಡೆಪಾಸಿಟ್ಟು, ಬ್ರೋಕರ್ ಕಮಿಷನ್ನು, ಮುನ್ಸಿಪಾಲಿಟಿ, ಕರೆಂಟ್ ಡೆಪಾಸಿಟ್ಟು ಎಲ್ಲ ಸೇರಿ ಹದಿನೆಂಟು ಹತ್ತೊಂಬತ್ತು ಸಾವಿರ ದಿರ್ಹಮ್ ಕೈಯಲ್ಲಿ ಬೇಕು. ನಾಲ್ಕೂವರೆ ಲಕ್ಷ ರೂಪಾಯಿ. ಅದೂ ಖಾಲಿ ಮನೆ, ಫ್ಯಾನ್ ಕೂಡ ಇರುದಿಲ್ಲ, ಮಂಚ ಫ್ರಿಡ್ಜು ವಾಷಿಂಗ್ ಮೆಷಿನ್ನು ಸೆಕೆಂಡ್ ಹ್ಯಾಂಡ್ ಹುಡ್ಕಿ. ಉಳಿದ ಮೂರು ಚೆಕ್ ಮುಂದಿನ ತಾರೀಕು ಹಾಕಿ ಮೊದಲೇ ಕೊಡ್ಬೇಕು, ಅದಕ್ಕೆ ಚೆಕ್‌ಬುಕ್ ಬೇಕು, ಚೆಕ್‌ಬುಕ್ಕಿಗೆ ಎಮಿರೇಟ್ಸ್ ಐಡಿ ಬೇಕು. ಹಾಗಾಗಿ ಬಂದ ತಿಂಗಳೇ ಫ್ಯಾಮಿಲಿ ತರ್ತೇನೆ ಅಂದ್ರೂ ಆಗುದಿಲ್ಲ, ನಿಮ್ಮ ಪ್ಲಾನೇ ಸರಿ. ಒಬ್ಬರೇ ಇರುವ ಆರು ತಿಂಗಳಲ್ಲಿ ಆ ದುಡ್ಡು ಎದ್ದು ಬರ್ತದೆ.

ಬೇಸಿಕ್ ವಿಷಯಕ್ಕೆ ಎಲ್ಲರೂ ಜಗಳ ಮಾಡಿ ಅಂತಾರೆ, ನಾನು ಬೇಡ ಅಂತೇನೆ, ಯಾಕೆ ಹೇಳಿ. ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. 3,500ಕ್ಕೆ ವರ್ಷಕ್ಕೆ 2,450 ಆಯ್ತು. ಬೇಸಿಕ್ 5,000 ಮಾಡಿಸಿದ್ರೆ 3,500. ವ್ಯತ್ಯಾಸ ಸಾವಿರ ಚಿಲ್ಲರೆ, ಅದೂ ಬಿಟ್ಟು ಹೋಗುವಾಗ ಸಿಗುದು. ಪಿಎಫ್ ಗಿಎಫ್ ಇಲ್ಲಿ ನಮಗೆ ಇಲ್ಲ, ಹಾಗಾಗಿ ಗ್ರಾಚ್ಯುಟಿ ಮುಖ್ಯವೇ, ಆದ್ರೆ ಎಚ್‌ಆರ್ ಹತ್ರ ಒಂದೇ ಒಂದು ವಿಷಯ ಕೇಳುವ ಚಾನ್ಸ್ ಇದ್ರೆ ಫ್ಯಾಮಿಲಿ ಇನ್ಶೂರೆನ್ಸ್ ಮತ್ತೆ ವರ್ಷಕ್ಕೊಮ್ಮೆ ನಾಲ್ಕು ಟಿಕೆಟ್ ಕೇಳಿ. ಇನ್ಶೂರೆನ್ಸ್ 3,000, ಟಿಕೆಟ್ 5,400, ವರ್ಷಕ್ಕೆ 8,400 ನಿಮ್ಮ ಜೇಬಿಂದ ಹೋಗುದು ನಿಲ್ತದೆ. ಟಿಕೆಟ್ ರೇಟ್ ನಾನು ಸಸ್ತಾದ್ದು ಹಾಕಿದ್ದು, ಶಾಲೆಗೆ ರಜೆ ಇರುದು ಜುಲೈ ಆಗಸ್ಟಲ್ಲಿ, ಆವಾಗ ಮಂಗ್ಳೂರು ಫ್ಲೈಟ್ ಮುಟ್ಲಿಕ್ಕೆ ಆಗುದಿಲ್ಲ, ನಾವು ಕಣ್ಣೂರಿಗೆ ಇಳಿದು ರೈಲು ಹತ್ತಿದ್ದುಂಟು.

ಮತ್ತೆ ಏನೇ ಒಪ್ಪಿದ್ರೂ ಬಾಯಿ ಮಾತಲ್ಲಿ ಬೇಡ. ಮಿನಿಸ್ಟ್ರಿ ಫಾರ್ಮ್ಯಾಟಿನ ಆಫರ್ ಲೆಟರ್ ಅಂತ ಬರ್ತದೆ, ಅದರಲ್ಲಿ ಬೇಸಿಕ್ಕು ಅಲವೆನ್ಸು ಎಲ್ಲ ಇರ್ತದೆ, ಅದಕ್ಕೆ ಸೈನ್ ಹಾಕಿದ ಮೇಲೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಿ.

ಹಾಸನದ_ಟೀಚರಮ್ಮ

ಗಣಿತ ಬಿ.ಎಡ್ ಆ! ಹಾಗಿದ್ರೆ ನನಗಿಂತ ಬೇಗ ಕೆಲಸ ಸಿಗತ್ತೆ ಅವರಿಗೆ, ನಾನು ಸೋಷಿಯಲ್ ಸೈನ್ಸು, ಎಂಟು ಕಡೆ ಸಿವಿ ಹಾಕಿದ್ರೆ ಒಂದು ಕಡೆ ಕರೀತಿದ್ರು. ಇಂಡಿಯನ್ ಸ್ಕೂಲುಗಳಿಗೆ ಇಲ್ಲೂ ಏಪ್ರಿಲಲ್ಲೇ ಹೊಸ ವರ್ಷ, ಹಾಗಾಗಿ ಜನವರಿಯಿಂದ ಮಾರ್ಚ್ ಒಳಗೆ ಇಂಟರ್‌ವ್ಯೂ ಜಾಸ್ತಿ. ಆನ್‌ಲೈನಲ್ಲೇ ಡೆಮೋ ಕ್ಲಾಸ್ ಕೇಳ್ತಾರೆ, ಹತ್ತು ನಿಮಿಷದ್ದು ಒಂದು ರೆಡಿ ಇಟ್ಕೊಳ್ಳೋಕೆ ಹೇಳಿ.

ಸರ್ಟಿಫಿಕೇಟ್ ಕೆಲಸ ಮಾತ್ರ ಈಗ್ಲೇ ಶುರು ಮಾಡಿ, ಕಾಯ್ಬೇಡಿ. ಅವರ ಡಿಗ್ರಿ, ಬಿ.ಎಡ್, ನಿಮ್ಮ ಮ್ಯಾರೇಜ್ ಸರ್ಟಿಫಿಕೇಟು, ಮಕ್ಕಳ ಬರ್ತ್ ಸರ್ಟಿಫಿಕೇಟು, ಎಲ್ಲದಕ್ಕೂ ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ವಿದೇಶಾಂಗ ಇಲಾಖೆದು, ಆಮೇಲೆ ಯುಎಇ ಎಂಬಸಿದು ಸೀಲ್ ಆಗ್ಬೇಕು, ಕೊನೆಗೆ ಇಲ್ಲಿ ಬಂದು ಮೋಫಾ, ಅಂದ್ರೆ ಯುಎಇ ವಿದೇಶಾಂಗ ಇಲಾಖೆ ಸೀಲ್. ಅಪೊಸ್ಟಿಲ್ (ಎಂಬಸಿಗೆ ಹೋಗದೆ ನಮ್ಮ ವಿದೇಶಾಂಗ ಇಲಾಖೆನೇ ಹಾಕೋ ಸೀಲ್) ಸಾಕು ಅಂತ ಯಾರಾದ್ರೂ ಹೇಳಿದ್ರೆ ಯುಎಇಗೆ ಅದು ನಡೆಯಲ್ಲ. ಮ್ಯಾರೇಜ್ ಸರ್ಟಿಫಿಕೇಟಲ್ಲಿ ಮತ್ತೆ ಪಾಸ್‌ಪೋರ್ಟಲ್ಲಿ ಅವರ ಹೆಸರು ಒಂದೇ ಥರ ಇದ್ಯಾ ನೋಡ್ಕೊಳಿ, ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇರತ್ತಲ್ಲ, ಅದಕ್ಕೇ ಜನ ಅಫಿಡವಿಟ್ ಮಾಡಿಸ್ಕೊಂಡು ಓಡಾಡ್ತಾರೆ. ಅವರಿಗೆ ಏನಾದ್ರೂ ಕೇಳ್ಬೇಕಿದ್ರೆ ಇಲ್ಲೇ ನನಗೆ ಮೆಸೇಜ್ ಹಾಕೋಕೆ ಹೇಳಿ, ಶುಕ್ರವಾರ ನಮಗೆ ರಜೆ, ಆವತ್ತು ಕೂತು ಉತ್ತರ ಬರೀತೀನಿ.